ಹನ್ನೊಂದರ ಸೆಟ್

ಚಂದನಾಳ ಕೈಗೆ ಗಿಟಾರು ಕೊಟ್ಟವನು ಅವಳ ಅಣ್ಣ ಹುಲುಗೇಶನೇ. ಅದನ್ನು ಅವಳು ಇವತ್ತಿಗೂ ಇಲ್ಲವೆನ್ನುವುದಿಲ್ಲ.

ಹುಲುಗೇಶ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಮದುವೆ ಸೀಸನ್ ಬಂತೆಂದರೆ ಅಂಗಡಿಗೆ ಶಟರ್ ಎಳೆದು, ಆರ್ಕೆಸ್ಟ್ರಾದವರ ಜೊತೆ ಕೊಟ್ಟೂರು, ಕೂಡ್ಲಿಗಿ, ಹಡಗಲಿ ಅಂತ ತಿರುಗಿ ಗಿಟಾರು ಬಾರಿಸಿ ಬರುತ್ತಿದ್ದ. ತಂಗಿ ಎಂಟನೇ ಕ್ಲಾಸಿನಲ್ಲಿದ್ದಾಗ ದಾವಣಗೆರೆಯಲ್ಲಿ ಯಾರೋ ಮಾರಿದ ಹಳೇ ಗಿಟಾರೊಂದನ್ನು ಹೊತ್ತು ತಂದ. ಅದರ ಹೊಟ್ಟೆಯ ಮೇಲಿನ ಬಿರುಕಿಗೆ ಅಂಟು ಹಾಕಿ, ಉಜ್ಜಿ, ಅವಳ ತೊಡೆಯ ಮೇಲಿಟ್ಟ.

"ಮೊದಲು ತಂತಿ ನೋಡ್ಕೊಳ್ಳೋದು ಕಲಿ. ಬಾರ್ಸೋದು ಆಮ್ಯಾಲ" ಅಂದ.

ಹಾಗೇ ಕಲಿಸಿದ. ಕೈ ತೊಳೆಯದೆ ಮುಟ್ಟಬಾರದು. ಬಾರಿಸಿ ಮುಗಿದ ಮೇಲೆ ಹಳೇ ಬನಿಯನ್ ಬಟ್ಟೆಯಿಂದ ಒಂದೊಂದೇ ತಂತಿಯನ್ನು ಮೇಲೂ ಕೆಳಗೂ ಒರೆಸಬೇಕು. ಬೇಸಿಗೆಯಲ್ಲಿ ತಗಡಿನ ಗೋಡೆಗೆ ಆನಿಸಿ ಇಡಬಾರದು. ತಂತಿ ಬದಲಿಸುವಾಗ ಆರನ್ನೂ ಒಮ್ಮೆಲೇ ಬಿಚ್ಚದೆ ಒಂದು ಬಿಚ್ಚಿ ಒಂದು ಹಾಕಬೇಕು. ಇಲ್ಲದಿದ್ದರೆ ಬಿಗಿ ತಪ್ಪಿ ಗಿಟಾರಿನ ಕುತ್ತಿಗೆ ಕೆಡುತ್ತದೆ. ತಂತಿ ಹಳತಾಯಿತೋ ಇಲ್ಲವೋ ಎಂದು ತಿಳಿಯಲು ಅದರ ಅಡಿಯಲ್ಲಿ ಉಗುರು ಸರಿಸಿ ನೋಡಬೇಕು. ಕುತ್ತಿಗೆಯ ಮೇಲೆ ಅಡ್ಡಕ್ಕಿರುವ ಫ್ರೆಟ್ಟಿನ ಪಟ್ಟಿಗಳು ಕಚ್ಚಿದ ಕಡೆಯೆಲ್ಲ ಸಣ್ಣ ಸಣ್ಣ ತಗ್ಗು ಸಿಕ್ಕರೆ ಆ ತಂತಿಯ ಕೆಲಸ ಮುಗಿಯಿತು.

"ಅದರಾಗ ನಿನ್ನ ಕೈ ಬೆವರು ಬರೇ ಉಪ್ಪು. ಯಾವ ತಂತೀನೂ ಉಳ್ಯಂಗಿಲ್ಲ" ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಎಡಗೈ ಬೆರಳ ತುದಿ ಸುಲಿದು, ಒಣಗಿ, ಗಟ್ಟಿಯಾದ ದಿನ ಅದನ್ನು ಅಣ್ಣನ ಗಲ್ಲಕ್ಕೆ ಒತ್ತಿ ತೋರಿಸಿದ್ದಳು. ಅವನು ಕಿರಾಣಿ ಅಂಗಡಿಯಿಂದ ಪೇಡೆ ತಂದು ಮನೆಮಂದಿಗೆಲ್ಲ ಹಂಚಿದ್ದ.

ಡಿಗ್ರಿ ಕಾಲೇಜು ಸೇರುವ ಹೊತ್ತಿಗೆ ಚಂದನಾ ಅಣ್ಣನನ್ನು ಮೀರಿಸಿಬಿಟ್ಟಿದ್ದಳು. ಹುಲುಗೇಶ ಹಾಡಿನ ಹಿಂದೆ ತಾಳಕ್ಕೆ ಸರಿಯಾಗಿ ಬಾರಿಸುತ್ತಿದ್ದನೇ ಹೊರತು ಗಿಟಾರೊಂದರಲ್ಲೇ ಇಡೀ ರಾಗವನ್ನು ನಡೆಸುವುದು ಅವನಿಗೆ ಬರುತ್ತಿರಲಿಲ್ಲ. ಇವಳು ಫೋನಿನಲ್ಲಿ ನೋಡಿ ನೋಡಿ, ಕೇಳಿ ಕೇಳಿ, ತಾನೇ ಕೂಡಿಸಿಕೊಂಡು ಬಾರಿಸುತ್ತಿದ್ದಳು. ಮನೆಗೆ ಬಂದವರು ಹುಲುಗೇಶನ ಮುಂದೆಯೇ, "ತಂಗೀದು ಕೈ ಅಂದ್ರ ಕೈ" ಅನ್ನುತ್ತಿದ್ದರು. ಅವನು, "ಮತ್ತ, ಕಲಿಸಿದವ ಯಾರು?" ಅನ್ನುತ್ತಿದ್ದ. ಮೊದಮೊದಲು ಆ ಮಾತಿನಲ್ಲಿ ಹೆಮ್ಮೆ ಇತ್ತು.

ಕೊನೆಯ ವರ್ಷದಲ್ಲಿ ಕನ್ನಡ ಲೆಕ್ಚರರ್ ಗುರುಬಸವರಾಜ ಸರ್ ಅವಳ ಹೆಸರನ್ನು ಯುವಜನೋತ್ಸವಕ್ಕೆ ಕೊಟ್ಟರು. ಹಡಗಲಿಯಲ್ಲಿ ವಲಯ ಮಟ್ಟದ ಸ್ಪರ್ಧೆ. ಅಲ್ಲಿ ಗೆದ್ದರೆ ಯೂನಿವರ್ಸಿಟಿ, ಅಲ್ಲಿಂದ ಮುಂದೆ ಎಲ್ಲಿಗೋ. ಆ ಎಲ್ಲಿಗೋ ಅನ್ನುವುದೇ ಚಂದನಾಳಿಗೆ ಸಾಕಾಗಿತ್ತು.

ತಂತಿಯ ಮಾತು ಬಂದದ್ದು ಊಟದ ಹೊತ್ತಿನಲ್ಲಿ.

"ಹನ್ನೆರಡರ ಸೆಟ್ ಹಾಕ್ಬೇಕು. ದೊಡ್ಡ ಹಾಲ್. ಸೌಂಡ್ ಹಿಂದ ಕುಂತೋರಿಗೂ ಮುಟ್ಬೇಕು" ಅಂದ ಹುಲುಗೇಶ. ಆರರಲ್ಲಿ ಎಲ್ಲಕ್ಕಿಂತ ಸಣ್ಣ ತಂತಿಯ ದಪ್ಪದಿಂದ ಬಂದ ಲೆಕ್ಕ ಅದು. ಅಂಕಿ ಇಳಿದಷ್ಟೂ ತಂತಿ ಬೆರಳಿಗೆ ಹಗುರ.

"ಬ್ಯಾಡಣ್ಣ, ಹನ್ನೊಂದರದು ಸಾಕು. ಎರಡನೇ ಪೀಸ್ ಭಾಳ ಫಾಸ್ಟ್ ಐತಿ. ಹನ್ನೆರಡು ಹಾಕಿದ್ರ ನನ್ನ ಬೆರಳು ಸೋಲ್ತಾವು. ಹೆಂಗೂ ಮೈಕ್ ಇರ್ತೈತಲ್ಲ."

"ನಂಗ ಹೇಳಿಕೊಡ್ತೀ ಏನ್ಲೇ?"

ನಗುತ್ತಲೇ ಕೇಳಿದ್ದ. ಆದರೆ ಅವ್ವ ಜಂಬಕ್ಕ ಇನ್ನೊಂದು ರೊಟ್ಟಿ ಹಾಕಲು ಬಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದ.

ಮರುದಿನ ಚಂದನಾ ಹುಬ್ಬಳ್ಳಿಯ ಅಂಗಡಿಗೆ ತಾನೇ ಫೋನ್ ಮಾಡಿದಳು. ಬೆವರು ತಡೆಯುವ ತಂತಿ ಯಾವುದು, ಸೌಂಡ್ ತೆರೆದು ಬರುವುದು ಯಾವುದು ಎಂದು ಕೇಳಿ ಕೇಳಿ ಹನ್ನೊಂದರ ಸೆಟ್ ಒಂದನ್ನು ಆರಿಸಿದಳು. ಅಲ್ಲಿಯವರೆಗೆ ತಂತಿ ಆರಿಸುವುದು ಅಣ್ಣನ ಕೆಲಸವಾಗಿತ್ತು ಎಂಬುದು ಅವಳ ತಲೆಗೇ ಬರಲಿಲ್ಲ.

ಪಾರ್ಸಲ್ ಬಸ್ಸಿನಲ್ಲಿ ಹುಲುಗೇಶನ ಅಂಗಡಿಗೆ ಬಂತು. ಹೊಸ ತಂತಿ ಹಾಕಿದ ಕೂಡಲೇ ಶ್ರುತಿ ನಿಲ್ಲುವುದಿಲ್ಲ. ನಾಕು ದಿನ ಎಳೆದು ಎಳೆದು ಪಳಗಿಸಬೇಕು. ಅವಳಿಗೆ ಆ ವಾರ ಕಾಲೇಜಿನಲ್ಲಿ ಟೆಸ್ಟ್.

"ನೀ ಓದ್ಕ. ಗಿಟಾರ್ ಅಂಗಡಿಗೆ ಒಯ್ತೀನಿ. ನಾನ ಹಾಕಿ ತರ್ತೀನಿ" ಅಂದ ಹುಲುಗೇಶ. ಅಣ್ಣನ ಸಿಟ್ಟು ಇಳಿಯಿತೆಂದು ಅವಳಿಗೆ ಹಗುರಾಯಿತು.

ಸ್ಪರ್ಧೆಯ ಹಿಂದಿನ ದಿನ ಗಿಟಾರು ತಂದಿಟ್ಟ. ಮೈಯೆಲ್ಲ ಒರೆಸಿ ತಿಕ್ಕಿದ್ದ, ಪಳಪಳ ಅನ್ನುತ್ತಿತ್ತು. ಚಂದನಾ ಒಮ್ಮೆ ಬೆರಳಾಡಿಸಿದಳು.

"ಅಣ್ಣಾ, ಸೌಂಡ್ ಯಾಕೋ ಮಂಕ್ ಐತಲ್ಲ?"

"ನೀನ ಆರಿಸಿದ ಕಂಪನಿ. ನಂಗೇನ್ ಕೇಳ್ತಿ?" ಅಂದ. ಆಮೇಲೆ ದನಿ ಇಳಿಸಿ, "ಹಾಲ್‌ನ್ಯಾಗ ತೆರಕೊಂತೈತಿ. ಈಗ ಭಾಳ ಬಾರಿಸ್ಬ್ಯಾಡ, ಕುಂತ ಶ್ರುತಿ ಅಲುಗಾಡ್ತೈತಿ" ಅಂದ.

ಅವಳು ಬಾರಿಸಲಿಲ್ಲ. ಅವನು ಹೇಳಿದ ಮೇಲೆ ಮುಗಿಯಿತು, ಇನ್ನೊಮ್ಮೆ ನೋಡುವ ಅಭ್ಯಾಸವೇ ಅವಳಿಗಿರಲಿಲ್ಲ.

ಹಡಗಲಿಯಲ್ಲಿ ಮೊದಲನೇ ಪೀಸ್ ಚೆನ್ನಾಗಿಯೇ ಹೋಯಿತು. ಮುಂದಿನ ಸಾಲಿನಲ್ಲಿ ಗುರುಬಸವರಾಜ ಸರ್ ತೊಡೆಯ ಮೇಲೆ ತಾಳ ಹಾಕುತ್ತಿದ್ದುದು ಕಾಣುತ್ತಿತ್ತು. ಎರಡನೆಯದರ ನಡುವೆ, ಕೈ ಇನ್ನೇನು ಓಟಕ್ಕೆ ಬರಬೇಕು ಅನ್ನುವಾಗ, ಮೂರನೇ ತಂತಿ ಪಟ್ಟನೆ ಹರಿದು ಅವಳ ಮುಂಗೈಗೆ ಬಡಿಯಿತು. ಆ ಎಳೆತಕ್ಕೆ ಉಳಿದವುಗಳ ಶ್ರುತಿಯೂ ಜಾರಿತು. ಚಂದನಾ ನಿಲ್ಲಿಸಿದಳು. ಹೊಸ ಸೆಟ್ ಹಾಕಿದೆ ಎಂಬ ಧೈರ್ಯದಲ್ಲಿ ಬಿಡಿ ತಂತಿ ತಂದಿರಲಿಲ್ಲ. ಬೇರೆ ಕಾಲೇಜಿನ ಹುಡುಗನೊಬ್ಬ ತನ್ನ ಗಿಟಾರು ಚಾಚಿದ. ಅದಕ್ಕೆ ನೈಲಾನ್ ತಂತಿ, ಅಗಲ ಕುತ್ತಿಗೆ, ಅವಳ ಬೆರಳಿಗೆ ಒಗ್ಗದು. ಅಷ್ಟರಲ್ಲಿ ಟೈಮ್ ಮುಗಿಯಿತೆಂದು ಗಂಟೆ ಬಾರಿಸಿದರು. ಮೈಕಿನವನು ಮುಂದಿನವರ ಹೆಸರು ಕೂಗಿದ.

ಹೊರಗೆ ಮೆಟ್ಟಿಲ ಮೇಲೆ ಕೂತು ಹರಿದ ತಂತಿಯನ್ನು ಬಿಚ್ಚಿದಳು. ಕೈಗೆ ಕೆಲಸ ಬೇಕಿತ್ತು, ಅದಕ್ಕೇ ಬಿಚ್ಚಿದ್ದು. ಉಗುರು ತಾನಾಗಿಯೇ ಅಡಿಗೆ ಹೋಯಿತು. ತಗ್ಗು. ಸರಿಸಿದಳು, ಮತ್ತೊಂದು ತಗ್ಗು. ಸುತ್ತಿದ ಎಳೆಗಳ ಸಂದಿಯಲ್ಲಿ ಕಪ್ಪು ಕೊಳೆ. ತಂತಿ ಬಿಗಿಯುವ ಗೂಟಕ್ಕೆ ಸುತ್ತುವ ಕಡೆ, ಒಮ್ಮೆ ಮಡಚಿ ಬಿಚ್ಚಿ ಮತ್ತೆ ಮಡಚಿದ ಗುರುತು, ಹರಿದದ್ದೂ ಅಲ್ಲಿಯೇ. ತಾನು ಇಷ್ಟು ದಿನ ಬಾರಿಸಿದ ಹಳೇ ತಂತಿಗಳನ್ನೇ ಅಣ್ಣ ಬಿಚ್ಚಿ, ಬಿಸಿನೀರಲ್ಲಿ ಕುದಿಸಿ, ಒರೆಸಿ, ತಿರುಗಿ ಹಾಕಿದ್ದಾನೆ. ಕುದಿಸಿದ ತಂತಿ ಒಂದೆರಡು ದಿನ ಹೊಳೆಯುತ್ತದೆ. ಅದನ್ನೂ ಅವನೇ ಹೇಳಿಕೊಟ್ಟಿದ್ದ.

"ತಂತಿ ಅಂದ ಮ್ಯಾಲ ಹರೀತಾವು ಬಿಡವ್ವ" ಅಂದರು ಸರ್.

ಚಂದನಾ ಊರಿಗೆ ಬಂದು ಬಸ್ಸಿಳಿದವಳು ಮನೆಗೆ ಹೋಗದೆ ಅಂಗಡಿಗೆ ಹೋದಳು. ಹುಲುಗೇಶ ಯಾರದೋ ಫೋನಿನ ಹಿಂಬದಿ ಬಿಚ್ಚಿಕೊಂಡು ಕೂತಿದ್ದ. ಮೂಲೆಯಲ್ಲಿ ಅವನ ಗಿಟಾರು. ಅದರ ಮೇಲೆ ಆರು ಹೊಸ ತಂತಿ, ತೊಳೆದ ತಾಮ್ರದ ಹಂಗೆ.

"ಅಣ್ಣಾ, ಇವು ನನ್ನವು."

ಅವನು ತಲೆ ಎತ್ತಲಿಲ್ಲ. "ಮೊನ್ನೆ ಕೊಟ್ಟೂರಾಗ ಪ್ರೋಗ್ರಾಮ್ ಇತ್ತು. ಹೊಸಪೇಟಿಯಿಂದ ದೊಡ್ಡ ಆರ್ಕೆಸ್ಟ್ರಾದವ ನಾ ಬಾರ್ಸೋದು ಕೇಳಾಕ ಬರ್ತೀನಿ ಅಂದಿದ್ದ. ನನ್ನ ತಂತಿ ಪೂರ್ತಿ ಸತ್ತಿದ್ವು."

"ಬಂದಿದ್ನೇನು?"

"ಇಲ್ಲ."

"ನಂಗ ಒಂದು ಮಾತು ಕೇಳಿದ್ರ ಕೊಡ್ತಿದ್ದೆ."

ಆಗ ಎತ್ತಿದ ತಲೆ. ಅಂಥ ಮುಖವನ್ನು ಅವಳು ನೋಡಿರಲಿಲ್ಲ. "ನಿನ್ನ ಕೇಳ್ಬೇಕಾ? ನಾನು? ಗಿಟಾರ್ ಹಿಡಿಯಾಕ ಬರ್ತಿದ್ದಿಲ್ಲ ನಿಂಗ. ನಿನ್ನ ಮುಂದ ಕೈ ಚಾಚಿ ನಿಂದರ್ಬೇಕಾ ನಾನು?"

"ಹಂಗಾದ್ರ ಹೇಳ್ಬೇಕಿತ್ತು. ಹೊಸಾವು ಹಾಕೀನಿ ಅಂತ ಸುಳ್ಳು ಯಾಕ ಹೇಳಿದಿ?"

"ಹರೀತಾವಂತ ನಂಗೇನ್ ಕನಸು ಬಿದ್ದಿತ್ತೇನು?" ಅಂದು ಹುಲುಗೇಶ ಸ್ಕ್ರೂಡ್ರೈವರ್ ಎತ್ತಿಕೊಂಡ. ಮಾತು ಮುಗಿಯಿತು.

ಮನೆಯಲ್ಲಿ ಅಪ್ಪ ಬೊಮ್ಮಪ್ಪ ಎರಡೂ ಕಡೆಯದು ಕೇಳಿ, "ಒಂದು ತಂತಿ ಸಲುವಾಗಿ ಅಣ್ಣನ ಮ್ಯಾಲ ಇಷ್ಟು ಹಾರಾಡ್ತಿಯಾ?" ಅಂದ. ಜಂಬಕ್ಕ, "ಒಡಹುಟ್ಟಿದೋರ ನಡುವ ನಿಂದು ನಂದು ಏನವ್ವ" ಅಂದಳು. ಚಂದನಾ ತಂತಿಯ ಮಾತಲ್ಲ ಇದು ಎಂದು ಹೇಳಲು ಬಾಯಿ ತೆರೆದಳು. ಏನೆಂದು ಹೇಳುವುದು? ಹೇಳಹೋದರೆ ತಿರುಗಿ ತಂತಿಯ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಆ ಜಗಳವೂ ಹೇಗೋ ಹಳತಾಗುತ್ತಿತ್ತೇನೋ. ವಾರ ಕಳೆದ ಮೇಲೆ ಗೆಳತಿ ಸೌಭಾಗ್ಯ ಕ್ಯಾಂಟೀನಿನಲ್ಲಿ ಸಮಾಧಾನದ ಮಾತಾಡುತ್ತ, "ನಿಂಗ ಕೈ ಭಾಳ ಬೆವರ್ತಾವಂತಲ್ಲ, ಅದಕ್ಕ ಹೊಸಾ ತಂತಿ ಸೈತ ಹರಿದ್ವು ಅಂತ ನಿಮ್ಮಣ್ಣ ಅಂಗಡ್ಯಾಗ ಎಲ್ಲರಿಗೂ ಹೇಳ್ತಿದ್ದ. ಡಾಕ್ಟರಿಗೆ ತೋರಿಸ್ಬಾರ್ದಾ?" ಅಂದಳು. ಚಂದನಾ ಚಹಾದ ಕಪ್ಪು ಕೆಳಗಿಟ್ಟು ತನ್ನ ಅಂಗೈ ನೋಡಿಕೊಂಡಳು. ಅಣ್ಣ ಮೊದಲ ದಿನದಿಂದ ನಗೆಯಾಡುತ್ತ ಬಂದ ಮಾತು. ಅದನ್ನೇ ಊರ ಮುಂದೆ ಅವಳ ಮೇಲೆ ಹೊರಿಸಿ ತಾನು ಪಾರಾಗಿದ್ದ. ಅವತ್ತಿನಿಂದ ಅವಳು ಅಣ್ಣನ ಜೊತೆ ಮಾತು ಬಿಟ್ಟಳು.

ಡಿಗ್ರಿ ಮುಗಿಸಿ ಹರಪನಹಳ್ಳಿಯ ಖಾಸಗಿ ಶಾಲೆಯೊಂದರಲ್ಲಿ ಸಂಗೀತದ ಟೀಚರ್ ಆದಳು. ಅನ್ನದಾನಮ್ಮ ಎಂಬುವವರ ಮನೆಯ ಮಾಳಿಗೆಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದಳು. ತಂತಿಯನ್ನು ತಾನೇ ಆರಿಸುತ್ತಾಳೆ, ತಾನೇ ಹಾಕುತ್ತಾಳೆ. ಬೀರುವಿನಲ್ಲಿ ಬಿಡಿ ಸೆಟ್ ಯಾವಾಗಲೂ ಇರುತ್ತದೆ, ಅಂಗಡಿಯವನು ಒಡೆಯದೆ ಕೊಟ್ಟ ಪ್ಯಾಕೆಟ್ಟೇ. ಬಾರಿಸುವ ಮೊದಲು ಪ್ರತಿ ತಂತಿಯ ಅಡಿ ಉಗುರಾಡಿಸುತ್ತಾಳೆ, ನಿನ್ನೆ ತಾನೇ ಹಾಕಿದ್ದರೂ. ಗಿಟಾರನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಶಾಲೆಯಲ್ಲಿ ಪಕ್ಕದ ಕ್ಲಾಸಿನ ಸುಮಲತಾ ಟೀಚರ್ ಒಮ್ಮೆ, "ಮಕ್ಕಳು ನಿಮ್ ಗಿಟಾರ್ ಕಂಡ್ರೆ ಹಾವು ಕಂಡಂಗೆ ಹಿಂದಕ್ಕೆ ಸರೀತಾವಲ್ರೀ" ಅಂದರು. ಚಂದನಾ ನಕ್ಕುಬಿಟ್ಟಳು. ಆದರೆ ಮುಂದಿನ ಪೀರಿಯಡ್ಡಿನಲ್ಲಿ ಮಕ್ಕಳು ಗಿಟಾರಿನಿಂದ ಎಷ್ಟು ದೂರ ಕೂರುತ್ತಾರೆಂದು ಅವಳ ಕಣ್ಣಿಗೂ ಬಿತ್ತು. ತಾನು ಹಿಂಗಿರಲಿಲ್ಲ ಅನ್ನಿಸಿತು. ಹತ್ತಿರ ಬರ್ರಿ ಅನ್ನಲು ಮಾತ್ರ ಬಾಯಿ ಬರಲಿಲ್ಲ.

ಈ ವರ್ಷ ಒಂದು ಭಾನುವಾರ ಹುಲುಗೇಶ ಬೈಕಿನಲ್ಲಿ ಅವಳ ಕೋಣೆಗೆ ಬಂದ. ಮೈ ತುಂಬಿಕೊಂಡಿದ್ದ. ಈಗ ಎರಡು ಅಂಗಡಿ; ಗಿಟಾರು ಬಿಟ್ಟು ಬಹಳ ದಿನವಾಗಿತ್ತು. ಮದುವೆಗಳಿಗೆ ಡಿಜೆ ಬಂದ ಮೇಲೆ ಆರ್ಕೆಸ್ಟ್ರಾ ಕರೆಯುವವರೇ ಕಡಿಮೆ. ಕೈಯಲ್ಲಿ ಗೃಹಪ್ರವೇಶದ ಕಾರ್ಡು.

"ಬರ್ರಿ" ಅಂದಳು ಚಂದನಾ. "ಒಳಗ ಬಂದು ಕೂಡ್ರಿ."

ಹುಟ್ಟಿದಾಗಿನಿಂದ ಅವನನ್ನು ನೀನು ಅಂದವಳು. ಜಗಳದಲ್ಲೂ ನೀನು, ಮುದ್ದಿನಲ್ಲೂ ನೀನು. ಈಗ ಬಾಯಿಂದ ಬಂದ ರಿ ಅವಳಿಗೇ ಐಸಿನ ತುಂಡು ಕಚ್ಚಿದಂತಾಯಿತು. ಆದರೂ ಬಿಡಲಿಲ್ಲ. ಕುರ್ಚಿ ಸರಿಸಿ ಕೊಟ್ಟಳು. "ಚಾ ಕುಡೀತೀರೋ, ಮಜ್ಜಿಗಿ ತರ್ಲೋ?" ಎಂದು ಕೇಳಿದಳು.

ಹುಲುಗೇಶ ಚಹಾ ಕುಡಿದ. ಹೊಸ ಮನೆಯ ಹಾಲ್ ಎಷ್ಟು ದೊಡ್ಡದೆಂದು ಹೇಳಿದ. "ನೀನೂ ಗಿಟಾರ್ ತಗೊಂಡ್ ಬಾ. ಮಂದಿ ಮುಂದ ಎರಡು ಹಾಡು ಬಾರ್ಸು. ನಮ್ಮ ತಂಗಿ ಅಂತ ಎಲ್ಲರಿಗೂ ಹೇಳೀನಿ." ಹಾಗೆನ್ನುತ್ತ ಗೋಡೆಗೆ ನಿಂತಿದ್ದ ಗಿಟಾರಿನ ಕಡೆ ಕೈ ಚಾಚಿದ. "ತಂತಿ ನಾ ಹಾಕಿ ಕೊಡ್ಲೇನು?"

ಅವಳು ನಡುವೆ ಹೋಗಿ ಗಿಟಾರನ್ನು ಎತ್ತಿ ಮಂಚದ ಆ ಕಡೆ ಇಟ್ಟಳು. "ನಿಮಗ್ಯಾಕ ತ್ರಾಸು. ನಾ ಹಾಕ್ಕೊಂತೀನ್ರಿ."

"ಹಳೇದೆಲ್ಲಾ ಮನಸಿನ್ಯಾಗ ಇಟ್ಟೀ ಏನು?"

ಇಷ್ಟು ವರ್ಷ ಈ ಪ್ರಶ್ನೆಗೆ ಎಷ್ಟೋ ಉತ್ತರ ಕಟ್ಟಿ ಇಟ್ಟುಕೊಂಡಿದ್ದಳು. ಈಗ ಅವನು ಕುಡಿದಿಟ್ಟ ಕಪ್ಪು ಎತ್ತಿಕೊಳ್ಳುತ್ತ, "ಇಲ್ರಿ" ಅಂದಳು.

ಅವನು ಎದ್ದ. ಅವಳು ಬಾಗಿಲವರೆಗೆ ಬಂದಳು. ಕೆಳಗಿಳಿಯುತ್ತಲೇ ಅವನ ಫೋನ್ ಬಡಿದುಕೊಂಡಿತು, ಹೆಂಡತಿ ಇರಬೇಕು. ದನಿ ಕೋಣೆಯವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಹ್ಞೂಂ, ಭಾಳ ಚಲೋ ಮಾತಾಡಿದ್ಳು. ಎಲ್ಲಾ ಸರಿ ಹೋತು. ಏಯ್, ಈಗ ನಂಗ ಎಷ್ಟು ಮರ್ಯಾದಿ ಕೊಡ್ತಾಳ ಗೊತ್ತೇನು, ಬರ್ರಿ ಕೂಡ್ರಿ ಅಂತಾಳ! ಟೀಚರ್ ಆದ ಮ್ಯಾಲ ಶ್ಯಾಣ್ಯಾಕಿ ಆಗ್ಯಾಳ."

ಚಂದನಾ ಮೆಟ್ಟಿಲ ತುದಿಗೆ ಬಂದು ನಿಂತಳು. ಅದು ಮರ್ಯಾದೆಯಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ಅವನು ಬೈಕು ಸ್ಟಾರ್ಟ್ ಮಾಡಿ, ಮೇಲೆ ನೋಡಿ, ಖುಷಿಯಿಂದ ಕೈ ಬೀಸಿದ. ಕೆಳಗೆ ಅನ್ನದಾನಮ್ಮ ಕಟ್ಟೆಯ ಮೇಲೆ ಕೂತು ಇಬ್ಬರನ್ನೂ ನೋಡುತ್ತಿದ್ದರು. ಚಂದನಾ ತಾನೂ ಕೈ ಎತ್ತಿದಳು. ಅಷ್ಟಲ್ಲದೆ ಇನ್ನೇನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.