ಅಂಟು ಆರುವ ಮುನ್ನ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವನಿಗೆ ಊರಿನವರ ಕಣ್ಣಿನ ದೋಷವೆಲ್ಲ ಬಾಯಿಪಾಠ. ಮನೆಗೆ ಬಂದರೆ ಮಾತಾಡಿಸಲು ಒಂದು ಗಿಡ, ಅಷ್ಟೇ. ಬಚ್ಚಲಿನ ಪಕ್ಕದ ಮಬ್ಬು ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಕಡುಹಸಿರು ಮಖಮಲ್ಲಿನಂಥ ಎಲೆಗಳನ್ನು ಇಳಿಬಿಟ್ಟುಕೊಂಡು ನಿಂತಿತ್ತು. ಅದರ ತವರು ದೂರದ ಮಳೆಕಾಡು. ಹೆಮ್ಮರಗಳ ಬುಡಕ್ಕೆ ಬಿಸಿಲು ಇಳಿಯುವುದೇ ಅಪರೂಪವಾದ್ದರಿಂದ, ಸಿಕ್ಕಷ್ಟು ಬೆಳಕನ್ನು ಹಿಡಿಯಲು ಎಲೆಯ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು. ಒಂದೊಂದೂ ಒಂದು ಪುಟ್ಟ ಮಸೂರ ಎಂದು ಅವನು ಹಿಂದೆ ಹೆಂಡತಿಗೆ ಹೇಳಿದ್ದ.

"ಅಯ್ಯೋ, ನಿಮ್ಮ ಅಂಗಡಿ ಮನೆಗೂ ಬಂತಾ?" ಎಂದು ನಕ್ಕಿದ್ದಳು.

ಅವಳು ಬಿಟ್ಟುಹೋಗಿ ವರ್ಷಗಳಾದವು. ಜಗಳವೇನೂ ಆಗಿರಲಿಲ್ಲ. ಮಾತೇ ಇಲ್ಲದ ಮನೆಯಲ್ಲಿ ಜಗಳವಾದರೂ ಹೇಗೆ ಆದೀತು? ಒಂದೇ ಕಾಯಿಯ ಬೀಜದಿಂದ ಎದ್ದ ಎರಡು ಸಸಿಗಳಲ್ಲಿ ಒಂದನ್ನು ಎತ್ತಿಕೊಂಡು ಹೊರಟಿದ್ದಳು; ಅವನ ಬಳಿ ಉಳಿದದ್ದು ಇದು.

ಈಗ ಗಿಡ ಮೊದಲ ಸಲ, ಪುಟಾಣಿ ಹೂಗಳು ಒತ್ತಾಗಿ ಅಂಟಿದ ಹೂಕಡ್ಡಿ ಬಿಟ್ಟಿತ್ತು. ಕಡ್ಡಿಯ ಮೇಲೆ ಅಂಟು ಹನಿಗಳಿರುವಷ್ಟು ಕಾಲ ಹೂವು ಹೆಣ್ಣು. ಹನಿ ಆರಿದ ಮೇಲೆ ಪರಾಗದ ಪುಡಿ ಉದುರಿಸುವ ಗಂಡು. ತನ್ನ ಪುಡಿ ತನಗೇ ಒದಗುವುದಿಲ್ಲ. ಬೀಜ ಕಟ್ಟಬೇಕಾದರೆ ಇನ್ನೊಂದು ಗಿಡವೇ ಬೇಕು. ನಿಜ ಹೇಳಬೇಕೆಂದರೆ ಅವನಿಗೆ ಬೇಕಾಗಿದ್ದದ್ದು ಬೀಜವಲ್ಲ, ಅವಳು. ಆದರೆ ನೆಪವಿಲ್ಲದೆ ಫೋನ್ ಮಾಡುವ ಜಾಯಮಾನ ಅವನದಲ್ಲ.

"ನಿನ್ನ ಗಿಡ ಪುಡಿ ಬಿಟ್ಟಿದೆಯಾ?"

"ಬಿಟ್ಟಿದೆ. ಹೇಗಿದೀರ ಅಂತ ನಾನಾದ್ರೂ ಕೇಳ್ಲಾ?"

"ಚೆನ್ನಾಗಿದೀನಿ. ಪುಡಿ ಒದ್ದೆಯಾಗಬಾರದು."

"ನಾಳೆ ತರ್ತೀನಿ," ಎಂದಳು.

ಮರುದಿನ ಪುಡಿಯ ಪೊಟ್ಟಣ ಹಿಡಿದು ಬಾಗಿಲು ತಟ್ಟಿದವನು ಭಾವಮೈದ. "ಏನ್ ಭಾವ, ಇದೇನು ನಶ್ಯಾನಾ? ಹಾರಿಹೋಗುತ್ತೆ ಅಂತ ಅಕ್ಕ ಕಾರಿನ ಕಿಟಕಿ ತೆಗೆಯೋಕೂ ಬಿಡಲಿಲ್ಲ. ಬೆಂದುಹೋದೆ!"

"ಅವಳೆಲ್ಲಿ?"

"ಕೆಳಗೆ ಕೂತಿದಾಳೆ. ನೀವೇ ಬಂದು ಕರೀಬೇಕಂತೆ. ನಾನು ಹೇಳ್ದೆ ಅನ್ಬೇಡಿ ಮತ್ತೆ."

"ನಡಿ, ಬಂದೆ."

ಅವನು ಹೊಸ್ತಿಲವರೆಗೆ ಹೋಗಿ ನಿಂತ. ಹೋಗಿ ಏನು ಹೇಳುವುದು? ಹನಿಗಳು ಆರಿಬಿಡಬಹುದು, ಇದೊಂದು ಮುಗಿಸಿಬಿಡೋಣ ಎಂದುಕೊಂಡು ಒಳಗೆ ಬಂದು ಕುಂಚ ತೆಗೆದುಕೊಂಡ. ಕಡ್ಡಿಯ ಒಂದೊಂದು ಹನಿಗೂ ಪುಡಿ ಸೋಕಿಸುತ್ತ ಮನಸ್ಸಿನಲ್ಲೇ ಒಂದೊಂದು ಮಾತನ್ನೂ ಜೋಡಿಸಿ, ಕೆಡವಿ, ಮತ್ತೆ ಜೋಡಿಸಿದ. ಪುಡಿಯನ್ನು ಫ್ರಿಜ್ಜಿನಲ್ಲಿಟ್ಟರೆ ನಾಳೆಗೂ ಕೆಡುವುದಿಲ್ಲ, ಹನಿಗಳೂ ನಾಳೆಗೆ ಇದ್ದೇ ಇರುತ್ತವೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೆಳಗಿಳಿದಾಗ ಬೀದಿಯಲ್ಲಿ ಭಾವಮೈದ ಒಬ್ಬನೇ ನಿಂತಿದ್ದ.

"ಏನ್ಮಾಡ್ತಿದಾರೆ ಅಂತ ಕೇಳಿದ್ಲು ಭಾವ. ಮತ್ತೆ ಹತ್ತಿ ಬಂದು ಬಾಗಿಲಲ್ಲಿ ಇಣುಕಿ ನೋಡಿ, ಹೂವಿಗೆ ಪುಡಿ ಹಚ್ತಿದಾರೆ ಅಂದೆ. ನಕ್ಕಳು. ಆಮೇಲೆ ನನ್ನನ್ನೂ ಬಿಟ್ಟು ಕಾರು ಓಡಿಸ್ಕೊಂಡು ಹೊರಟೇ ಹೋದ್ಲು."

ಅಷ್ಟು ಹೊತ್ತು ಜೋಡಿಸಿದ್ದ ಮಾತು ಅವನ ಬಾಯಿಂದ ಈಗ ಹೊರಬಿತ್ತು. "ಮೇಲೆ ಬಾ. ಸ್ವಲ್ಪ ಹೊತ್ತು ಕೂತು ಹೋಗು."

"ಇದನ್ನ ನನಗ್ಯಾಕೆ ಹೇಳ್ತೀರ ಭಾವ?" ಎಂದು ಭಾವಮೈದ ಬಸ್ಸು ಹುಡುಕಿಕೊಂಡು ಹೊರಟ.