ನೆರೆಮನೆ ಸೂತ್ರ

ಕೋಟಾದಲ್ಲಿ ದೇವರ ಮಾತು ಸುಳ್ಳಾದರೂ ಆದೀತು, ಸೋಗಾನಿ ಸರ್ ಮಾತು ಆಗುವುದಿಲ್ಲ. ತಲವಂಡಿಯ ನಮ್ಮ ಕೋಚಿಂಗ್ ಕಟ್ಟಡದ ಮೇಲೆ ಅವರ ಮುಖವನ್ನು ಮಹಡಿಗಟ್ಟಲೆ ಎತ್ತರಕ್ಕೆ ಬರೆಸಿದ್ದಾರೆ. ಆ ಮುಖದ ಕೆಳಗೆ, ಮೆಟ್ಟಿಲ ಪಕ್ಕದ ಗೂಡಿನಲ್ಲಿ, ‘ಡೌಟ್ ಕೌಂಟರ್’ ಎಂಬ ಬೋರ್ಡಿನಡಿ ಕೂರುವವಳು ನಾನು. ಮೇಲೆ ಅವರು ಪಾಠ ಮಾಡುತ್ತಾರೆ, ತಲೆಗೆ ಹತ್ತದವರು ಇಳಿದು ನನ್ನ ಹತ್ತಿರ ಬರುತ್ತಾರೆ. ಮೀಸೆ ಚಿಗುರದ ಹುಡುಗರಿಗೂ ಮನೆ ನೆನೆದು ಅಳುವ ಹುಡುಗಿಯರಿಗೂ ಪರಮಾಣುವಿನ ಒಳಗನ್ನು ಬಿಡಿಸಿ ಹೇಳುವುದು ನನ್ನ ಹೊಟ್ಟೆಪಾಡು.

ಸೋಗಾನಿ ಸರ್‌ಗೆ ಹೆಸರು ತಂದದ್ದು ಅವರ ನೆರೆಮನೆ ಸೂತ್ರ. ಪರಮಾಣುವಿನಲ್ಲಿ ಎಲೆಕ್ಟ್ರಾನುಗಳಿಗೆ ಡಿ ಎಂಬ ಮನೆಯಲ್ಲಿ ಐದು ಕೋಣೆ, ಪಕ್ಕದ ಎಸ್ ಮನೆಯಲ್ಲಿ ಒಂದೇ ಕೋಣೆ. ಒಂದು ಕೋಣೆಗೆ ಹೆಚ್ಚೆಂದರೆ ಇಬ್ಬರು. ಡಿ ಮನೆಯಲ್ಲಿ ನಾಲ್ವರೇ ಇದ್ದು ಒಂದು ಕೋಣೆ ಖಾಲಿ ಬಿದ್ದಿದ್ದರೆ, ಎಸ್ ಮನೆಯ ಜೋಡಿಯಲ್ಲಿ ಒಬ್ಬರನ್ನು ಕಡ ತಂದು ತುಂಬಿಸಿಕೊಳ್ಳುತ್ತದೆ. ಆಗ ಎಲ್ಲ ಕೋಣೆಗಳಲ್ಲೂ ಒಬ್ಬೊಬ್ಬರೇ, ಒಟ್ಟು ಆರು ಒಂಟಿಗಳು. ಕ್ರೋಮಿಯಂ ಹೀಗೆಯೇ. ಆವರ್ತ ಕೋಷ್ಟಕದಲ್ಲಿ ಅದರ ಕೆಳಗಿರುವ ಮಾಲಿಬ್ಡಿನಮ್ ಕೂಡ ಹೀಗೆಯೇ. ಅದರ ಕೆಳಗಿನ ಟಂಗ್‌ಸ್ಟನ್ ಮಾತ್ರ ಹೀಗಲ್ಲ, ಆದರೆ ಅದನ್ನು ಸರ್ ಪಾಠದಲ್ಲಿ ಹೇಳುವುದಿಲ್ಲ.

ಅದನ್ನು ಕೇಳಿಕೊಂಡು ಬಂದವಳು ಸುಗಂಧಾ ಕುಮಾರಿ. ಬಿಹಾರದ ಸಹರ್ಸಾ ಕಡೆಯ ಹುಡುಗಿ, ಧ್ರುವ ಬ್ಯಾಚಿನವಳು. ಧ್ರುವ ಎಂದರೆ ಆರಿಸಿದ ಮಕ್ಕಳ ಬ್ಯಾಚು. ಅವರಿಗೆ ಮಾತ್ರ ನೀಲಿ ಜಾಕೆಟ್ಟು, ಅವರಿಗೆ ಮಾತ್ರ ಸೋಗಾನಿ ಸರ್. ತಿಂಗಳ ಪರೀಕ್ಷೆ ಮುಗಿದಾಗಲೆಲ್ಲ ಹೊಸ ಪಟ್ಟಿ ಬರುತ್ತದೆ. ಕೆಳಗಿಳಿದವರು ಎಲ್ಲರ ಕಣ್ಣೆದುರೇ ಜಾಕೆಟ್ಟು ಕಳಚಿ ಕೊಡಬೇಕು. ನಮ್ಮಲ್ಲಿ ಇದಕ್ಕೆ ಶಿಸ್ತು ಎನ್ನುತ್ತಾರೆ.

“ಮ್ಯಾಮ್, ಟಂಗ್‌ಸ್ಟನ್ನೂ ಕಡ ತರುತ್ತಾ?”

“ಇಲ್ಲ ಕಣೇ. ಅದರ ನ್ಯೂಕ್ಲಿಯಸ್ ತುಂಬಾ ಭಾರ. ಎಸ್ ಮನೆಯವರನ್ನ ಹತ್ತಿರಕ್ಕೆಳೆದು ಭದ್ರವಾಗಿ ಹಿಡ್ಕೊಂಡಿರುತ್ತೆ, ಬಿಡೋದೇ ಇಲ್ಲ. ಎಸ್ ಜೋಡಿ ಹಾಗೇ ಇರುತ್ತೆ. ಒಂಟಿಗಳು ನಾಲ್ಕೇ.”

ಅವಳು ಖುಷಿಯಿಂದ ಕೈ ತಟ್ಟಿದಳು. “ಅಂದ್ರೆ ಕೊಡಲ್ಲ ಅನ್ನೋ ನೆರೆಯವರೂ ಇರ್ತಾರೆ! ನಮ್ಮ ಪಕ್ಕದ್ಮನೆ ಚಾಚಿ ಥರ!”

ಇಷ್ಟು ವರ್ಷದಲ್ಲಿ ಪರಮಾಣುವಿನ ವಿಷಯ ಕೇಳಿ ಹಾಗೆ ನಕ್ಕ ಮಗುವನ್ನು ನಾನು ನೋಡಿರಲಿಲ್ಲ. ಅವಳ ಮೇಲೆ ನನಗೆ ಮಮತೆ ಹುಟ್ಟಿದ್ದು ಅವತ್ತು.

ಮುಂದಿನ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆದವರು ಸೋಗಾನಿ ಸರ್. ತಮ್ಮ ಸೂತ್ರ ಮೆರೆಯಲಿ ಎಂದು ಟಂಗ್‌ಸ್ಟನ್ನಿನ ಒಂಟಿ ಎಲೆಕ್ಟ್ರಾನ್ ಎಷ್ಟು ಎಂದೇ ಕೇಳಿದರು. ಧ್ರುವ ಬ್ಯಾಚಿನವರೆಲ್ಲ ಆರು ಎಂದು ಬರೆದರು, ಸುಗಂಧಾ ನಾಲ್ಕು ಎಂದು ಬರೆದಳು. ಸರ್ ಹಚ್ಚಿದ ಉತ್ತರಪಟ್ಟಿಯಲ್ಲಿ ಆರು ಎಂದಿತ್ತು. ತಪ್ಪಿಗೆ ಅಂಕ ಕಳೆಯುವ ಪದ್ಧತಿ ಬೇರೆ. ಆ ಒಂದೇ ಪ್ರಶ್ನೆಯಿಂದ ಅವಳು ಧ್ರುವದಿಂದ ಜಾರಿದಳು.

ಜಾಕೆಟ್ಟು ಕೊಟ್ಟು ನೇರ ನನ್ನ ಗೂಡಿಗೆ ಬಂದಳು. ಅತ್ತಿರಲಿಲ್ಲ, ತುಟಿ ಒಣಗಿತ್ತು.

“ಬ್ಯಾಚ್ ಇಳಿದ್ರೆ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ ಬಾಬೂಜಿ ಮೊದ್ಲೇ ಹೇಳಿದ್ರು ಮ್ಯಾಮ್. ನನ್ನ ಬದ್ಲು ತಮ್ಮನ್ನ ಕಳಿಸ್ತಾರಂತೆ. ಒಂದು ತಿಂಗಳು ಟೈಮ್ ಕೊಡಿ ಅಂತ ಫೋನಲ್ಲಿ ಕಾಲು ಹಿಡ್ಕೊಂಡೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಸೋಗಾನಿ ಸರ್ ಕೋಣೆಗೆ ನುಗ್ಗಿದೆ. ಅವರು ಕಚೋರಿ ತಿನ್ನುತ್ತಿದ್ದರು.

“ಸರ್, ಟಂಗ್‌ಸ್ಟನ್ ಉತ್ತರ ತಪ್ಪಿದೆ.”

“ಟಂಗ್‌ಸ್ಟನ್ ನಿಮಗೆ ಫೋನ್ ಮಾಡಿ ಹೇಳ್ತಾ ಮ್ಯಾಡಮ್?”

ಪುಸ್ತಕ ತೆರೆದು ಅವರ ಮುಂದೆ ಹಿಡಿದೆ. ಅವರು ಅದರತ್ತ ನೋಡಲೂ ಇಲ್ಲ, ಬೆರಳಿಗಂಟಿದ ಚಟ್ನಿ ಒರೆಸಿಕೊಂಡರು.

“ಮುಚ್ಚಿ. ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಪತ್ರಿಕೆ ತೆಗೆಯೋವಾಗ ಮರೆತೆ. ಅಚ್ಚಾದ ಮೇಲೆ ನೆನಪಾಯ್ತು.”

“ಹಾಗಾದ್ರೆ ತಿದ್ದಿ ಸರ್!”

“ತಿದ್ದಿದ್ರೆ ಇಡೀ ಧ್ರುವ ಬ್ಯಾಚು ತಪ್ಪು ಅಂತಾಗುತ್ತೆ. ಅಪ್ಪ ಅಮ್ಮಂದಿರೆಲ್ಲ ನನ್ನ ಕುತ್ತಿಗೆಗೆ ಬರ್ತಾರೆ. ಸೂತ್ರಕ್ಕೆ ಒಂದು ಅಪವಾದ ಹೇಳಿದ್ರೆ ಮಕ್ಕಳು ಎಲ್ಲದನ್ನೂ ಅನುಮಾನಿಸ್ತಾರೆ. ಅನುಮಾನಿಸೋ ಮಗು ಪರೀಕ್ಷೇಲಿ ನಿಧಾನ ಆಗುತ್ತೆ, ನಿಧಾನ ಆದ್ರೆ ಸೀಟು ಹೋಗುತ್ತೆ. ನೀವು ಆ ಹುಡುಗಿಗೆ ಒಳ್ಳೇದು ಮಾಡ್ಲಿಲ್ಲ ಮ್ಯಾಡಮ್, ಕಲ್ಲು ಹಾಕಿದ್ರಿ.”

ಗೊತ್ತಿಲ್ಲದವನ ಜೊತೆ ಜಗಳ ಆಡಬಹುದು. ಗೊತ್ತಿದ್ದೂ ಕಚೋರಿ ತಿನ್ನುವವನ ಜೊತೆ ಏನು ಆಡುವುದು? ಆಡಳಿತದವರಿಗೂ ಹೇಳಿದೆ. ಅವರು ನಕ್ಕು, ಪಟ್ಟಿ ಹಚ್ಚಿಯಾಗಿದೆ ಎಂದರು.

ಮರುತಿಂಗಳು ಸರ್ ಬೇಕೆಂದೇ ಅದೇ ಪ್ರಶ್ನೆಯನ್ನು ಮತ್ತೆ ಕೊಟ್ಟರು. ಸುಗಂಧಾ ಆರು ಎಂದು ಬರೆದಳು. ಜಾಕೆಟ್ಟು ವಾಪಸ್ ಬಂತು. ಅದನ್ನು ತೊಟ್ಟುಕೊಂಡೇ ನನಗೆ ಲಡ್ಡು ತಂದುಕೊಟ್ಟಳು.

“ಈಗ ಹೇಳು, ಟಂಗ್‌ಸ್ಟನ್ನಲ್ಲಿ ಎಷ್ಟು?” ಎಂದೆ.

“ಇಲ್ಲಿಗಾ ಮ್ಯಾಮ್, ಟಂಗ್‌ಸ್ಟನ್ನಿಗಾ?” ಎಂದು ತುಂಟತನದಿಂದ ಕಣ್ಣು ಮಿಟುಕಿಸಿದಳು. ನಾನೂ ನಕ್ಕೆ. ಬದುಕಿಕೊಂಡಳಲ್ಲ, ಒಳಗೆ ನಾಲ್ಕು ಭದ್ರವಾಗಿದೆಯಲ್ಲ ಎಂದು ಸಮಾಧಾನಪಟ್ಟೆ. ಆಮೇಲೆ ಅವಳು ಕೌಂಟರಿಗೆ ಬರುವುದು ಕಡಿಮೆಯಾಯಿತು. ಬಂದರೂ “ಯಾಕೆ” ಎಂಬ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. “ಇದಕ್ಕೆ ಸೂತ್ರ ಯಾವುದು ಮ್ಯಾಮ್” ಎಂದಷ್ಟೇ ಕೇಳುತ್ತಿದ್ದಳು.

ಅವಳಿಗೆ ಸೀಟು ಸಿಕ್ಕಿತು. ಸರ್ ಮುಖದ ಪಕ್ಕ ಅವಳ ಮುಖವೂ ಕಟ್ಟಡದ ಮೇಲೇರಿತು. ಹೊಸ ಮಕ್ಕಳು ಬಂದಾಗ ಅವಳನ್ನು ಭಾಷಣಕ್ಕೆ ಕರೆಸಿದರು. ನಾನು ಹಿಂದಿನ ಗೋಡೆಗೆ ಒರಗಿ ನಿಂತು ಕೇಳಿದೆ.

“ಸರ್ ಹೇಳಿದ್ದನ್ನ ಯಾವತ್ತೂ ಅನುಮಾನಿಸಬೇಡಿ,” ಎಂದಳು ಮೈಕಿನಲ್ಲಿ. “ನಾನು ಒಂದೇ ಒಂದ್ಸಲ ಬೇರೆಯವರ ಮಾತು ಕೇಳಿ ಕೆಟ್ಟೆ. ಟಂಗ್‌ಸ್ಟನ್ನಿಂದ ನನ್ನ ಜಾಕೆಟ್ಟೇ ಹೋಗಿತ್ತು!” ಸಭೆ ಗೊಳ್ಳೆಂದು ನಕ್ಕಿತು. ಸೋಗಾನಿ ಸರ್ ಅವಳ ತಲೆಯ ಮೇಲೆ ಕೈಯಿಟ್ಟರು.

ಇಳಿದು ಬರುವಾಗ ನನ್ನನ್ನು ಕಂಡು ಓಡಿ ಬಂದು ಕಾಲಿಗೆರಗಿದಳು. ಸುತ್ತ ಹೊಸ ಮಕ್ಕಳು, ಅವರ ಅಪ್ಪ ಅಮ್ಮಂದಿರು. ಎಬ್ಬಿಸುತ್ತಾ ಅವಳ ಕಿವಿಯಲ್ಲಿ ಮೆಲ್ಲಗೆ ಕೇಳಿದೆ.

“ಮಗಳೇ, ಟಂಗ್‌ಸ್ಟನ್ನಲ್ಲಿ ಎಷ್ಟೇ?”

ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಯಾರು ಯಾರು ಹತ್ತಿರದಲ್ಲಿದ್ದಾರೆಂದು.

“ಆರು ಮ್ಯಾಮ್,” ಎಂದಳು, ಎಲ್ಲರಿಗೂ ಕೇಳುವ ಹಾಗೆ.