ಎರಡನೆಯ ಬೋಲ್ಟು

ಗುರುವಾರ ಸಂಜೆ ಇವೆತ್ ಅಪ್ಪನ ಮನೆಯಿಂದ ಸೈಕಲ್ ತಳ್ಳಿಕೊಂಡು ಬಂದಾಗ ರೆಮೇಯ್ ಮೊದಲು ನೋಡಿದ್ದು ಮಗಳ ಮುಖವನ್ನಲ್ಲ, ಹಿಂದಿನ ಚಕ್ರವನ್ನು. ಅದು ಆರು ವರ್ಷದ ಅಭ್ಯಾಸ. ಕಾಲು ನೆಲಕ್ಕೆ ತಾಗಿಸದೆ ಬಂಡೆಯಿಂದ ಬಂಡೆಗೆ ಸೈಕಲ್ ಹಾರಿಸುವ ಟ್ರಯಲ್ಸ್ ಹುಚ್ಚು ಹನ್ನೊಂದರಲ್ಲಿ ಹಿಡಿದ ಮಗಳಿಗೆ ಈಗ ಹದಿನೇಳು. ಮನೆಗೆ ಬಂದ ಸೈಕಲ್ಲಿನಲ್ಲಿ ಏನು ಬಾಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಹುಡುಕುವ ಕೆಲಸ ಅಂದಿನಿಂದಲೂ ತಾಯಿಯದು.

ಇವತ್ತು ಏನೂ ಬಾಗಿರಲಿಲ್ಲ. ಆದರೆ ಚೈನನ್ನು ಹಲ್ಲಿನ ಚಕ್ರಗಳ ಮೇಲೆ ದಾಟಿಸುವ ಡಿರೈಲರಿನ ಹೊರಬದಿಗೆ ಹೊಸದೊಂದು ತಗಡು ಹೊಳೆಯುತ್ತಿತ್ತು.

"ಏನೇ ಇದು?"

"ಗಾರ್ಡು. ಬ್ರೂನ ಮಾಡ್ಕೊಟ್ಳು. ಸಖತ್ತಾಗಿದೆ ಅಲ್ವಾ?"

ಬ್ರೂನ ಎಂದರೆ ಮಗಳ ಅಪ್ಪ ಪೇರೆಯ ಜೊತೆ ಈಗ ಇರುವ ಹೆಂಗಸು. ಬಾಲ್ಕನಿಯ ಕಂಬಿ, ಗೇಟು ಬೆಸೆಯುವ ವರ್ಕ್‌ಶಾಪಿನಲ್ಲಿ ಅವಳಿಗೆ ಕೆಲಸ. ತಾನು ಪೇರೆಯನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಅವನ ವಿಷಯದಲ್ಲಿ ರೆಮೇಯ್‌ಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಬೇಕಾದರೆ ಇಡಿಯಾಗಿ ಇಟ್ಟುಕೊಳ್ಳಲಿ. ಆದರೆ ಈ ಸೈಕಲ್ಲಿಗೆ ಇದುವರೆಗೆ ಮಗಳನ್ನು ಬಿಟ್ಟರೆ ತನ್ನ ಕೈ ಮಾತ್ರ ತಾಗಿತ್ತು.

"ಮತ್ತೆ ನಾನು ಹಾಕಿದ್ದು?"

ಇವೆತ್ ನಕ್ಕಳು. "ಅಡುಗೆಮನೆ ಗಾರ್ಡಾ? ಅದು ಅಪ್ಪನ ಮನೇಲೇ ಇದೆ. ಅಮ್ಮ, ಕ್ಲಬ್ಬಲ್ಲಿ ಎಲ್ಲರೂ ಅದನ್ನ ನೋಡಿ ಈರುಳ್ಳಿ ಹೆಚ್ಚಿಕೊಡ್ತೀಯಾ ಅಂತಿದ್ರು."

ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಗರಗಸದಲ್ಲಿ ಕೊಯ್ದು, ಕಾಯಿಸಿದ ಮೊಳೆಯಿಂದ ತೂತು ಮಾಡಿ, ಅಂಚು ನಯವಾಗುವವರೆಗೆ ಉಜ್ಜಿದ್ದು ರೆಮೇಯ್. ನೋಡಲು ಚೆನ್ನಾಗಿರಲಿಲ್ಲ, ನಿಜ. ಆದರೆ ಅದು ಇದ್ದ ಎರಡು ವರ್ಷದಲ್ಲಿ ಮುರಿದ ಹ್ಯಾಂಗರು ಒಂದೇ. ಅದಕ್ಕೆ ಮುಂಚೆ ವರ್ಷಕ್ಕೆ ನಾಲ್ಕು ಮುರಿಯುತ್ತಿದ್ದವು.

ಹ್ಯಾಂಗರು ಎಂದರೆ ಡಿರೈಲರನ್ನು ಫ್ರೇಮಿಗೆ ತೂಗುಹಾಕುವ, ಹೆಬ್ಬೆರಳಿನಷ್ಟು ಉದ್ದದ ಅಲ್ಯೂಮಿನಿಯಂ ತುಂಡು. ಅದನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಬಂಡೆಗೆ ಬಡಿದಾಗ ಅದು ಬಾಗಬೇಕು ಇಲ್ಲವೇ ಮುರಿಯಬೇಕು, ಫ್ರೇಮು ಉಳಿಯಬೇಕು. ಹ್ಯಾಂಗರು ಹೋದರೆ ಹೊಸದು ಹಾಕಬಹುದು, ಫ್ರೇಮು ಹೋದರೆ ಆ ವರ್ಷದ ಆಟವೇ ಹೋಯಿತು. ಇದನ್ನು ರೆಮೇಯ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಗರಸಭೆಯ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ನಂಬರು ಹಚ್ಚುವ ಅವಳು, ಒಂದೊಂದು ಹ್ಯಾಂಗರು ಮುರಿದಾಗಲೂ ಒಂದೊಂದು ಪಾಠ ಕಲಿತಿದ್ದಳು. ಚೈನನ್ನು ದೊಡ್ಡ ಹಲ್ಲಿನ ಚಕ್ರದ ಮೇಲೆ ಇಟ್ಟರೆ ಡಿರೈಲರು ಒಳಗೆ ಸರಿದು ಬಂಡೆಯಿಂದ ದೂರವಾಗುತ್ತದೆ. ಅದರ ಎರಡು ಸ್ಕ್ರೂಗಳನ್ನು ಪೂರ್ತಿ ಬಿಗಿದರೆ ಅದು ಅಲ್ಲಿಂದ ಅಲ್ಲಾಡುವುದಿಲ್ಲ. ಚೈನನ್ನು ಒಂದು ಕೊಂಡಿ ಗಿಡ್ಡ ಮಾಡಿದರೆ ಕೆಳಗೆ ಜೋತುಬೀಳುವುದಿಲ್ಲ.

ಮಗಳು ಸ್ನಾನಕ್ಕೆ ಹೋದ ಮೇಲೆ ರೆಮೇಯ್ ಟಾರ್ಚು ಹಿಡಿದು ಸೈಕಲ್ಲಿನ ಹಿಂದೆ ಕುಳಿತಳು. ತಪ್ಪು ಹುಡುಕಲೆಂದೇ ಕುಳಿತಳು. ತಗಡಿನ ಬಾಗು ಡಿರೈಲರಿನ ಮೈಗೆ ಒಂದು ಬೆರಳು ಅಂತರ ಬಿಟ್ಟು ಒಂದೇ ಸಮ ಇಳಿದಿತ್ತು. ಅಂಚಿನ ಮೇಲೆ ಉಗುರು ಎಳೆದಳು, ಎಲ್ಲಿಯೂ ತೊಡಕಲಿಲ್ಲ. ಬ್ರೂನ ಎಷ್ಟು ಸಂಜೆ ಕುಳಿತು ಉಜ್ಜಿದ್ದಾಳೋ. ಆ ಹೊತ್ತಿನಲ್ಲಿ ಇವೆತ್ ಪಕ್ಕದಲ್ಲಿ ಕುಳಿತು ಹರಟಿರಬೇಕು.

ಆಮೇಲೆ ಕಂಡಿತು. ತಗಡಿಗೆ ಎರಡು ಬೋಲ್ಟು. ಒಂದು ಚಕ್ರದ ಅಚ್ಚಿನ ನಟ್ಟಿಗೆ, ಅದು ಸರಿ. ಇನ್ನೊಂದು ಕೆಳಗೆ, ನೇರವಾಗಿ ಹ್ಯಾಂಗರಿನ ಮೂಲಕ. ಗೇಟು ಮಾಡುವವಳ ಯೋಚನೆ ಅದು, ಎರಡು ಕಡೆ ಬಿಗಿದರೆ ಗಟ್ಟಿ ಎಂದು. ಈಗ ತಗಡಿಗೆ ಬಿದ್ದ ಏಟು ಹ್ಯಾಂಗರಿಗೆ ಬೀಳುತ್ತದೆ. ಹ್ಯಾಂಗರಿಗೆ ಒಬ್ಬಂಟಿಯಾಗಿ ಮುರಿಯಲು ಆಗುವುದಿಲ್ಲ, ಫ್ರೇಮಿನ ತುದಿಯನ್ನೂ ತಿರುಚಿಕೊಂಡೇ ಹೋಗುತ್ತದೆ.

ಆ ಒಂದು ಬೋಲ್ಟು ಬಿಚ್ಚಿದರೆ ಸಾಕಿತ್ತು. ಹೇಳಲು ಒಂದು ಮಾತು.

ಟವೆಲು ಸುತ್ತಿಕೊಂಡ ತಲೆಯನ್ನು ಬಾಗಿಲಿನಿಂದ ಹೊರಗೆ ಹಾಕಿ ಇವೆತ್ ಕೇಳಿದಳು, "ಏನು, ಪಾಸಾ ಫೇಲಾ?"

"ಚೆನ್ನಾಗಿದೆ," ಎಂದಳು ರೆಮೇಯ್.

"ನೋಡು, ನಾನು ಅಂದ್ನಲ್ಲ! ಅಮ್ಮ… ಇನ್ನೊಂದು ವಿಷಯ. ಭಾನುವಾರ ಚೀಲ ಬ್ರೂನ ಹೊರ್ತಾಳೆ."

ಪಂದ್ಯದಲ್ಲಿ ಪ್ರತಿ ಸವಾರನಿಗೂ ಒಬ್ಬರು ಚೀಲದವರು ಇರಬಹುದು. ಹತ್ಯಾರು, ನೀರು, ಬಿಡಿಭಾಗದ ಚೀಲ ಹೊತ್ತು ಬಂಡೆಯ ಪಕ್ಕ ಓಡುವವರು. ಸವಾರ ಬಿದ್ದರೆ ಬೆನ್ನಿಗೆ ಕೈ ಕೊಡುವವರು. ಹೆಸರು ಬರೆಸಿ ನಂಬರಿನ ಅಂಗಿ ತೊಟ್ಟವರನ್ನು ಬಿಟ್ಟು ಬೇರೆಯವರು ಸೈಕಲ್ ಮುಟ್ಟಿದರೆ ಐದು ದಂಡದ ಅಂಕ. ಆರು ವರ್ಷ ಆ ಅಂಗಿ ರೆಮೇಯ್‌ಳ ಮೈಮೇಲಿತ್ತು.

"ಯಾಕೆ?"

"ನಿನ್ನ ಮಂಡಿ ನೋವು…"

"ನನ್ನ ಮಂಡಿ ವಿಷಯ ಬಿಡು."

ಇವೆತ್ ಟವೆಲಿನ ಅಂಚನ್ನು ತಿರುಚುತ್ತಾ ನಿಂತಳು. "ಬೇಜಾರು ಮಾಡ್ಕೋಬೇಡ. ನಾನು ಜಿಗಿಯೋಕೆ ಮುಂಚೆ ನೀನು ಉಸಿರು ಬಿಗಿಹಿಡೀತೀಯಲ್ಲ, ಅದು ನಂಗೆ ಕೇಳ್ಸತ್ತೆ. ಆಗ ನಂಗೂ ಭಯ ಆಗತ್ತೆ. ಬ್ರೂನಂಗೆ ಭಯಾನೇ ಇಲ್ಲ."

ಗೊತ್ತಿಲ್ಲದವಳಿಗೆ ಎಲ್ಲಿಂದ ಭಯ, ಎಂದುಕೊಂಡಳು ರೆಮೇಯ್. ಈಗ ಬೋಲ್ಟಿನ ಮಾತೆತ್ತಿದರೆ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಎನ್ನುತ್ತಾರೆ, ಎಂದು ತನಗೇ ಸಮಾಧಾನ ಹೇಳಿಕೊಂಡಳು. ಮೂರು ದಿನ ಅದನ್ನೇ ಹೇಳಿಕೊಂಡಳು. ಆದರೆ ಅದು ಪೂರ್ತಿ ನಿಜವಲ್ಲವೆಂದು ಅವಳಿಗೆ ಗೊತ್ತಿತ್ತು. ಆ ತಗಡು ಎಲ್ಲರೆದುರು ಸೋಲಲಿ ಎಂದು ಅವಳಿಗೆ ಆಸೆಯಿತ್ತು.

ಭಾನುವಾರ ಕಾರ್ದನೇ ನದಿಯ ಪಾತ್ರದಲ್ಲಿ ಪ್ರಾಂತ್ಯದ ಪಂದ್ಯ. ಬೆಳಗಿನ ಬಿಸಿಲಿಗೆ ಬಂಡೆಗಳು ಒಣಗುತ್ತಿದ್ದವು. ಮರದ ಕೆಳಗೆ ಕ್ಲಬ್ಬಿನವರು ಬೆಂಕಿ ಹಾಕಿ ಬುತಿಫಾರ ಸಾಸೇಜು ಸುಡುತ್ತಿದ್ದರು. ಟೊಮೆಟೊ ಉಜ್ಜಿದ ಬ್ರೆಡ್ಡು ಹಂಚುತ್ತಿದ್ದರು. ರೆಮೇಯ್ ಹಗ್ಗದ ಈಚೆ, ನೋಡುವವರ ಸಾಲಿನಲ್ಲಿ ನಿಂತಿದ್ದಳು. ಖಾಲಿ ಕೈಗಳನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಬೇರೊಬ್ಬ ಸವಾರನ ತಾಯಿ ಅಸುಂತ ಬ್ರೆಡ್ಡು ಕಚ್ಚುತ್ತಾ ಬಂದಳು. "ಏನ್ರೀ ರೆಮೇಯ್, ಕೆಲಸದಿಂದ ತೆಗೆದುಬಿಟ್ರಾ?"

"ರಜ ಕೊಟ್ಟಿದ್ದಾರೆ."

"ಸಂಬಳ ಸಮೇತಾನಾ?" ಅಸುಂತ ತನ್ನ ಮಾತಿಗೆ ತಾನೇ ನಕ್ಕಳು. "ನೋಡಿ ಆಯಮ್ಮನ್ನ. ಚೀಲ ಹೊತ್ಕೊಂಡು ಮೇಕೆ ಥರ ಹತ್ತತಾಳೆ!"

ಹತ್ತುತ್ತಿದ್ದಳು. ಗಿಡ್ಡ ಕೂದಲು, ಅಗಲ ಭುಜ, ಬಂಡೆಗೆ ಕೈ ಊರದೆಯೇ ಮೇಲೇರುತ್ತಿದ್ದಳು ಬ್ರೂನ. ಬಂಡೆದಾರಿಯ ಒಂದೊಂದು ಭಾಗ, ಅಂದರೆ ವಲಯ, ಶುರುವಾಗುವ ಮುಂಚೆ ಇಬ್ಬರೂ ನಡೆದು ದಾರಿ ನೋಡುವಾಗ ಅವಳು ಇವೆತ್‌ಳ ಕಿವಿಯಲ್ಲಿ ಏನೋ ಹೇಳಿದಳು. ಇವೆತ್ ತಲೆ ಹಿಂದಕ್ಕೆ ಹಾಕಿ ನಕ್ಕಳು. ಪಂದ್ಯದ ದಿನ ಮಗಳು ನಕ್ಕಿದ್ದನ್ನು ರೆಮೇಯ್ ಹಿಂದೆಂದೂ ಕಂಡಿರಲಿಲ್ಲ. ತಾನು ಜೊತೆಗಿದ್ದಾಗ ಇಬ್ಬರೂ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದರು.

ಮೊದಲ ಮೂರು ವಲಯಗಳಲ್ಲಿ ಇವೆತ್ ಒಂದೇ ಒಂದು ಸಲ ಕಾಲು ಊರಿದಳು. ಪಟ್ಟಿಯಲ್ಲಿ ಎರಡನೆಯ ಸ್ಥಾನ. ಅವಳು ಇಷ್ಟು ಚೆನ್ನಾಗಿ ಆಡಿದ್ದೇ ಇಲ್ಲ ಎಂದು ಅಸುಂತ ಅಂದಾಗ ರೆಮೇಯ್ ಹೂಂ ಎಂದಳು.

ನಾಲ್ಕನೆಯ ವಲಯದ ಕೊನೆಯ ಜಿಗಿತ ಎದೆಮಟ್ಟದ ಬಂಡೆಗೆ. ಇವೆತ್ ಹಿಂದಿನ ಚಕ್ರದ ಮೇಲೆ ಎರಡು ಸಲ ಪುಟಿದು ಹಾರಿದಳು. ಚಕ್ರ ಬಂಡೆಯ ತುದಿ ಹಿಡಿಯಿತು, ಆದರೆ ಬಲಗಡೆಗೆ ವಾಲಿತು. ತಗಡು ಕಲ್ಲಿಗೆ ಬಡಿಯಿತು. ಒಮ್ಮೆ ಕಾಲು ಊರಿ, ಸಾವರಿಸಿಕೊಂಡು, ಅವಳು ವಲಯ ಮುಗಿಸಿದಳು. ಜನ ಚಪ್ಪಾಳೆ ತಟ್ಟಿದರು.

ರೆಮೇಯ್ ತಟ್ಟಲಿಲ್ಲ. ಅವಳು ಆ ಸದ್ದನ್ನು ಕೇಳಿಸಿಕೊಂಡಿದ್ದಳು. ಹ್ಯಾಂಗರು ಬಾಗುವಾಗ ಸಣ್ಣಗೆ ಟಕ್ ಎನ್ನುತ್ತದೆ. ಇದು ಫ್ರೇಮಿನ ಒಳಗಿನಿಂದ ಬಂದ ಸದ್ದು.

ಹಗ್ಗದಿಂದ ಹತ್ತು ಹೆಜ್ಜೆ ದೂರದಲ್ಲಿ ಇವೆತ್ ಪೆಡಲು ತಿರುಗಿಸಿ ನೋಡಿದಳು. ಚೈನು ಕರಕರ ಎಂದಿತು. ಡಿರೈಲರು ಚಕ್ರದ ಕಡ್ಡಿಗಳಿಗೆ ತಾಗುತ್ತಿತ್ತು. ಐದನೆಯ ವಲಯಕ್ಕೆ ಹದಿನೈದು ನಿಮಿಷವಿತ್ತು.

"ತಗಡು ಒಳಗೆ ಬಾಗಿದೆ ಅಷ್ಟೇ," ಎಂದಳು ಬ್ರೂನ. "ಹಿಡ್ಕೋ ಸೈಕಲ್ನ. ಒಂದೇಟಿಗೆ ಎಬ್ಬಿಸ್ತೀನಿ." ಚೀಲದಿಂದ ಸುತ್ತಿಗೆ ತೆಗೆದಳು.

ಹ್ಯಾಂಗರಿಗೆ ಬಿಗಿದಿರುವ ತಗಡಿಗೆ ಸುತ್ತಿಗೆ ಏಟು. ಎರಡು ಏಟು, ಹೆಚ್ಚೆಂದರೆ ಮೂರು. ಫ್ರೇಮಿನ ತುದಿ ಸೀಳುತ್ತದೆ. ಇದು ಅಲ್ಲಿದ್ದವರಲ್ಲಿ ರೆಮೇಯ್ ಒಬ್ಬಳಿಗೇ ಗೊತ್ತಿತ್ತು. ಅವಳ ಬಾಯಿ ತೆರೆಯಲಿಲ್ಲ.

ಮೊದಲನೆಯ ಏಟು ಬಿತ್ತು.

ಆಗ ಇವೆತ್‌ಳ ಮುಖ ಕಂಡಿತು. ಅವಳು ಸೈಕಲ್ಲಿನ ಸೀಟು ಹಿಡಿದು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದಿದ್ದಳು.

"ಹೊಡೀಬೇಡಿ!" ರೆಮೇಯ್ ಹಗ್ಗದ ಕೆಳಗೆ ನುಸುಳಿಯೇ ಬಿಟ್ಟಿದ್ದಳು.

"ಮುಟ್ಟಬೇಡ್ರೀ!" ತೀರ್ಪುಗಾರ ಶೀಟಿ ಊದಿ ಕೂಗಿದ. "ಮುಟ್ಟಿದ್ರೆ ಐದು!"

"ಮುಟ್ಟಲ್ಲ." ಎರಡೂ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡಳು. "ಬ್ರೂನ, ಕೆಳಗಿನ ಬೋಲ್ಟು ಬಿಚ್ಚಿ. ಅದು ಹ್ಯಾಂಗರಿನೊಳಗಿಂದ ಹೋಗಿದೆ. ನೀವು ತಗಡಿಗೆ ಹೊಡೆದ್ರೆ ಏಟು ಬೀಳೋದು ಫ್ರೇಮಿಗೆ."

ಬ್ರೂನ ಬಗ್ಗಿ ನೋಡಿದಳು. ಲೋಹದ ಕೆಲಸದವಳು, ಒಂದೇ ನೋಟಕ್ಕೆ ಅರ್ಥವಾಯಿತು. ಮುಖ ಕೆಂಪಾಯಿತು. "ಅಯ್ಯೋ ನನ್ನ ಬುದ್ಧಿಗಿಷ್ಟು," ಎಂದು ಸುತ್ತಿಗೆ ಕೆಳಗಿಟ್ಟಳು.

ಇವೆತ್ ನೋಡುತ್ತಿದ್ದುದು ತಾಯಿಯನ್ನು.

"ಅಮ್ಮ, ಗುರುವಾರ ಟಾರ್ಚ್ ಹಿಡ್ಕೊಂಡು ಕೂತಿದ್ಯಲ್ಲ. ಆಗ್ಲೇ ಗೊತ್ತಿತ್ತಾ ನಿಂಗೆ?"

ಇಲ್ಲ ಎನ್ನಬಹುದಿತ್ತು. ಈಗಷ್ಟೇ ಕಣ್ಣಿಗೆ ಬಿತ್ತು ಎನ್ನಬಹುದಿತ್ತು. ಬ್ರೂನ ಕೂಡ ತಲೆಯೆತ್ತಿದಳು.

"ಗೊತ್ತಿತ್ತು."

ಇವೆತ್‌ಳ ಕೆಳದುಟಿ ಒಮ್ಮೆ ಅದುರಿತು. ಆಮೇಲೆ ಅಂಗಡಿಯವರ ಹತ್ತಿರ ಕೇಳುವ ದನಿಯಲ್ಲಿ ಕೇಳಿದಳು, "ಮುಂದೇನ್ ಮಾಡ್ಬೇಕು? ಬೇಗ ಹೇಳು, ಟೈಮಿಲ್ಲ."

ರೆಮೇಯ್ ಹೇಳಿದಳು. ತಗಡು ತೆಗೆಯಿರಿ. ಡಿರೈಲರು ಬಿಚ್ಚಿ, ಚೈನಿನಲ್ಲೇ ನೇತಾಡಲಿ. ಚೀಲದ ತಳದಲ್ಲಿ ಹಳೆಯ ಚಕ್ರದ ಅಚ್ಚಿದೆ. ಅದರ ತಿರುಪಿನ ಮರೆ ಹ್ಯಾಂಗರಿನ ತೂತಿಗೆ ಸರಿಯಾಗಿ ಕೂರುತ್ತದೆ, ತಿರುಪಿ. ಅದರ ಮೇಲೆ ಚೀಲದಲ್ಲಿರುವ ಕೊಳವೆ ತೊಡಿಸಿ. ಈಗ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಚಕ್ರದ ಅಚ್ಚು, ಈ ಅಚ್ಚು ಎರಡೂ ಒಂದಕ್ಕೊಂದು ಸಮಾನಾಂತರವಾಗಿ ಕಾಣಬೇಕು.

"ನಿಧಾನಕ್ಕೆ ಎಳೀರಿ. ಒಂದೇ ದಿಕ್ಕಿಗೆ. ಹೆಚ್ಚಾಯ್ತು ಅಂತ ವಾಪಸ್ ತಳ್ಳೋ ಹಾಗಿಲ್ಲ, ತಳ್ಳಿದ್ರೆ ಮುರಿಯತ್ತೆ."

ಅವಳಿಗೆ ಆ ಕೆಲಸಕ್ಕೆ ಯಾವಾಗಲೂ ಮೂರು ನಾಲ್ಕು ಸಲ ಎಳೆಯಬೇಕಾಗುತ್ತಿತ್ತು. ನಡುನಡುವೆ ನಿಲ್ಲಿಸಿ, ನೋಡಿ, ಬೆವರು ಒರೆಸಿಕೊಂಡು. ಬ್ರೂನ ಕೊಳವೆಯ ಮೇಲೆ ಎರಡೂ ಅಂಗೈ ಇಟ್ಟಳು. ಲೋಹ ಎಲ್ಲಿ ಮಣಿಯುತ್ತದೆ ಎಂದು ಅವಳ ಅಂಗೈಗೆ ಗೊತ್ತಿತ್ತು. ಒಂದೇ ಎಳೆತ. ಒಂದು ಕಣ್ಣು ಮುಚ್ಚಿ ನೋಡಿದಳು.

"ಬಂತಾ?"

ಬಂದಿತ್ತು. ರೆಮೇಯ್‌ಳ ಕೈಯಲ್ಲಿ ಒಮ್ಮೆಯೂ ಅಷ್ಟು ನೇರವಾಗಿ ಬಂದಿರಲಿಲ್ಲ. ಬೆನ್ನ ಹಿಂದೆ ಅವಳ ಉಗುರುಗಳು ಅಂಗೈಗೆ ಚುಚ್ಚಿಕೊಂಡವು.

"ಬಂತು," ಎಂದಳು.

ಗಾರ್ಡಿಲ್ಲದೆ ಉಳಿದ ವಲಯಗಳನ್ನು ಇವೆತ್ ಅಂಜಿ ಅಂಜಿ ಆಡಿದಳು. ಬಲಗಡೆಯ ಬಂಡೆ ಬಂದಲ್ಲೆಲ್ಲ ದೂರ ಸರಿದು, ಕಾಲು ಊರಿ, ಕೊನೆಗೆ ಐದನೆಯ ಸ್ಥಾನಕ್ಕೆ ಇಳಿದಳು. ಫ್ರೇಮು ಉಳಿದಿತ್ತು.

ಬಹುಮಾನ ಹಂಚುವಾಗ ಬ್ರೂನ ರೆಮೇಯ್‌ಳ ಪಕ್ಕ ಬಂದು ನಿಂತಳು. ಸ್ವಲ್ಪ ಹೊತ್ತು ಬಾದಾಮಿ ಅಗಿದಳು. ಆಮೇಲೆ ಕಾಗದದ ಪೊಟ್ಟಣವನ್ನು ಮುಂದೆ ಹಿಡಿದಳು. ರೆಮೇಯ್ ತೆಗೆದುಕೊಳ್ಳಲಿಲ್ಲ.

"ನೀವು ಫೋನ್ ಮಾಡಿ ನಿನ್ನ ತಗಡು ತಿಪ್ಪೆಗೆ ಹಾಕು ಅಂದಿದ್ರೂ ನಂಗೆ ಬೇಜಾರಿರ್ತಿರ್ಲಿಲ್ಲ," ಎಂದಳು ಬ್ರೂನ. "ಹುಡುಗಿ ಬೀಳ್ತಿದ್ಲು."

"ಗೊತ್ತು."

"ಮೂರು ದಿನ ಸುಮ್ನಿದ್ರಿ."

"ಗೊತ್ತು ಅಂದ್ನಲ್ಲ."

ಅಷ್ಟರಲ್ಲಿ ಇವೆತ್ ಬಂದಳು. ಕೈಯಲ್ಲಿ ಮುಂದಿನ ಪಂದ್ಯದ ಹೆಸರು ನೋಂದಣಿಯ ಹಾಳೆ. ತನ್ನ ಹೆಸರು, ಕ್ಲಬ್ಬು, ವಯಸ್ಸು ಬರೆದಿದ್ದಳು. ಚೀಲದವರ ಹೆಸರಿನ ಜಾಗದಲ್ಲಿ ಉದ್ದಕ್ಕೆ ಒಂದು ಗೆರೆ.

"ಏನಿದು, ಗೆರೆ?" ಬ್ರೂನ ಕೇಳಿದಳು.

"ಯಾರೂ ಬೇಡ. ನಾನೇ ಹೊರ್ತೀನಿ. ಒಬ್ಬಳಿಗೆ ತಿಳಿದಿದ್ರೂ ಹೇಳಲ್ಲ. ಇನ್ನೊಬ್ಬಳಿಗೆ ತಿಳೀದಿದ್ರೂ ಹೊಡೀತಾಳೆ." ನಗು ಬರಿಸುವ ಮಾತು, ಆದರೆ ಅವಳು ನಗಲಿಲ್ಲ. ಚೀಲವನ್ನು ಬ್ರೂನಳ ಹೆಗಲಿನಿಂದ ಎಳೆದುಕೊಂಡು ತನ್ನ ಹೆಗಲಿಗೇರಿಸಿ, ಸೈಕಲ್ ತಳ್ಳುತ್ತಾ ಹೋದಳು. ಎರಡು ಮನೆಯಲ್ಲಿ ಯಾವ ಮನೆಯ ಕಾರಿನತ್ತ ಎಂದು ಇಬ್ಬರೂ ನೋಡಿದರು. ಅವಳು ಅಸುಂತಳ ವ್ಯಾನಿನ ಬಾಗಿಲು ತಟ್ಟಿದಳು.

ಎರಡು ವಾರ ಕಳೆದು, ಮುಂದಿನ ಪಂದ್ಯದಲ್ಲಿ ಹಗ್ಗದ ಈಚೆ ಇಬ್ಬರು ಹೆಂಗಸರು ನಿಂತಿದ್ದರು, ನಡುವೆ ಮೂರು ಜನ ನಿಲ್ಲುವಷ್ಟು ಜಾಗ ಬಿಟ್ಟು. ಇವೆತ್ ಚೀಲದ ಭಾರಕ್ಕೆ ಮುಂದೆ ಬಾಗಿಕೊಂಡು ದಾರಿ ನೋಡುತ್ತಿದ್ದಳು. ಸೈಕಲ್ಲಿನಲ್ಲಿ ತಗಡಿತ್ತು. ಹೊಡೆತದ ಗುರುತು ಉಜ್ಜಿ ತೆಗೆದಿತ್ತು. ಅಚ್ಚಿನ ನಟ್ಟಿನಿಂದ ಮಾತ್ರ ತೂಗುತ್ತಿತ್ತು. ತಗಡಿನ ಒಳಮೈಗೆ, ಏಟು ಹೀರಲೆಂದು, ಬಿಳಿ ಪ್ಲಾಸ್ಟಿಕ್ಕಿನ ಒಂದು ತುಂಡು ಅಂಟಿಸಿತ್ತು, ಹಳೆಯ ಅಡುಗೆಮನೆ ಗಾರ್ಡಿನದು.

ಇವೆತ್ ಯಾರ ಮನೆಯಲ್ಲಿ ಕುಳಿತು ಅಂಟಿಸಿದಳೋ. ತನ್ನ ಮನೆಯಲ್ಲಂತೂ ಅಲ್ಲ. ರೆಮೇಯ್ ಮೆಲ್ಲಗೆ ಬ್ರೂನಳ ಕಡೆ ತಿರುಗಿದಳು, ಅವಳ ಮುಖದಲ್ಲಿ ಗುರುತೇನಾದರೂ ಸಿಗುತ್ತದೆಯೇ ಎಂದು. ಬ್ರೂನ ಆಗಲೇ ಅವಳ ಮುಖವನ್ನು ಹಾಗೆಯೇ ಹುಡುಕುತ್ತಿದ್ದಳು.